ಬೇರೆ ಇಟ್ಟ ಲೋಟ

ಎಂಜಲಿನ ವಿಚಾರದಲ್ಲಿ ನಮ್ಮ ಮನೆಗಳು ಮೊದಲಿನಿಂದಲೂ ಕಟ್ಟುನಿಟ್ಟು. ಒಬ್ಬರು ಕಚ್ಚಿ ಕುಡಿದ ಲೋಟವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಕಾಯಿಲೆ ಬಿದ್ದವರಿಗೆ ತಟ್ಟೆ, ಲೋಟ, ಹಾಸಿಗೆ ಎಲ್ಲವೂ ಬೇರೆ. ಕ್ಷಯ, ಸಿಡುಬು, ಪ್ಲೇಗುಗಳನ್ನು ಕಂಡಿದ್ದ ಸಮಾಜಕ್ಕೆ ಇದು ಸಹಜವಾದ ಎಚ್ಚರಿಕೆಯೇ. 1980ರ ದಶಕದಲ್ಲಿ ಏಡ್ಸ್ ಎಂಬ ಹೊಸ ಕಾಯಿಲೆಯ ಸುದ್ದಿ ಬಂದಾಗ ಅದೇ ನಿಯಮವನ್ನು ಅದಕ್ಕೂ ಹೊಂದಿಸಲಾಯಿತು. ಸೋಂಕಿತರ ಲೋಟ ಬೇರೆಯಾಯಿತು, ಕೆಲವು ಮನೆಗಳಲ್ಲಿ ಕೋಣೆಯೂ ಬೇರೆಯಾಯಿತು. ಆದರೆ ಎಚ್‌ಐವಿ ಒಂದು ಸಂಸಾರದೊಳಗೆ ಹರಡುವ ದಾರಿಯೇ ಬೇರೆ. ಅದನ್ನು ವಿಜ್ಞಾನ ಕಂಡುಕೊಂಡ ಕಥೆ ತಿಳಿದಿರಬೇಕಾದದ್ದು.

ಲೋಟದ ಭಯ ನಮ್ಮ ದೇಶಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಅಮೆರಿಕದಲ್ಲಿ ಏಡ್ಸ್‌ನ ಮೊದಲ ವರದಿ ಪ್ರಕಟವಾದದ್ದು 1981ರ ಜೂನ್‌ನಲ್ಲಿ. ಮುಂದಿನ ವರ್ಷದ ಕೊನೆಗೆ ಹಸುಗೂಸುಗಳಲ್ಲೂ ಇಂಥದೇ ಕಾಯಿಲೆ ಕಾಣಿಸಿತು. 1983ರಲ್ಲಿ ಅಲ್ಲಿನ ಒಂದು ಪ್ರಮುಖ ವೈದ್ಯಕೀಯ ಪತ್ರಿಕೆ, ಒಂದೇ ಮನೆಯಲ್ಲಿ ವಾಸಿಸುವುದರಿಂದಲೂ ರೋಗ ಹರಡಬಹುದೇನೋ ಎಂಬ ಶಂಕೆಗೆ ಎಡೆಕೊಟ್ಟಿತು. ಜನ ಹೌಹಾರಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸರ್ಕಾರಿ ಆರೋಗ್ಯ ಸಂಸ್ಥೆಯು ಆಹಾರ, ನೀರು, ಗಾಳಿ, ಸಾಮಾನ್ಯ ಒಡನಾಟಗಳಿಂದ ಇದು ಹರಡುವುದಿಲ್ಲವೆಂದು ಸ್ಪಷ್ಟಪಡಿಸಿತಾದರೂ ಭಯದ ಸುದ್ದಿಗೆ ಇದ್ದಷ್ಟು ಓಟ ಈ ಸುದ್ದಿಗೆ ಇರಲಿಲ್ಲ.

ಪುರಾವೆ ಸಿಕ್ಕಿದ್ದು 1986ರಲ್ಲಿ. ನ್ಯೂಯಾರ್ಕ್‌ನ ವೈದ್ಯರು ರೋಗಿಗಳೊಂದಿಗೆ ತಿಂಗಳುಗಟ್ಟಲೆ ಒಂದೇ ಸೂರಿನಡಿ ಬಾಳಿದ 101 ಮಂದಿಯನ್ನು ಪರೀಕ್ಷಿಸಿದರು. ಅವರ ಲೈಂಗಿಕ ಸಂಗಾತಿಗಳನ್ನು ಈ ಲೆಕ್ಕಕ್ಕೆ ಸೇರಿಸಿರಲಿಲ್ಲ. ಬಡ ಮನೆಗಳು ಅವು. ಲೋಟ, ಟವೆಲು, ಶೌಚಾಲಯ ಎಲ್ಲವೂ ಹಂಚಿಕೆಯದೇ. ಮಕ್ಕಳನ್ನು ಮುದ್ದಾಡಿದ್ದರು, ರೋಗಿಗಳಿಗೆ ಸ್ನಾನ ಮಾಡಿಸಿದ್ದರು. ಸೋಂಕು ಕಂಡದ್ದು ಒಂದು ಮಗುವಿನಲ್ಲಿ ಮಾತ್ರ. ಅದಕ್ಕೂ ಬಹುಶಃ ತಾಯಿಯಿಂದ ಹುಟ್ಟುವಾಗಲೇ ಅದು ಬಂದಿತ್ತು. ಲೋಟ ಅಂದೇ ನಿರಪರಾಧಿಯಾಯಿತು. ರಕ್ತ ಅಂಟುವ ಕ್ಷೌರದ ಬ್ಲೇಡು, ಸೂಜಿಗಳನ್ನು ಹಂಚಿಕೊಳ್ಳಬಾರದು ಎಂಬ ಎಚ್ಚರಿಕೆ ಮಾತ್ರ ಉಳಿಯಿತು.

ಭಾರತದಲ್ಲಿ ಎಚ್‌ಐವಿ ಪತ್ತೆಯಾದದ್ದೂ 1986ರಲ್ಲೇ. ಮದ್ರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಲೈಂಗಿಕ ವೃತ್ತಿಯ ಮಹಿಳೆಯರ ರಕ್ತದ ಮಾದರಿಗಳಲ್ಲಿ ಅದನ್ನು ಗುರುತಿಸಿದರು. ಆ ಬಳಿಕ 'ಇದು ಕೆಟ್ಟ ನಡತೆಯವರ ರೋಗ, ಸಂಸಾರಸ್ಥರಿಗೆ ಬರುವುದಲ್ಲ' ಎಂಬ ಮಾತು ಬೇರೂರಿತು. 1997ರಲ್ಲಿ ಪ್ರಕಟವಾದ ಪುಣೆಯ ಅಧ್ಯಯನವೊಂದು ಆ ನಂಬಿಕೆಯನ್ನು ಅಲುಗಿಸಿತು. ಲೈಂಗಿಕ ರೋಗಗಳ ಚಿಕಿತ್ಸಾಲಯಗಳಿಗೆ ಬಂದವರ ಪೈಕಿ, ಲೈಂಗಿಕ ವೃತ್ತಿಯಲ್ಲಿಲ್ಲದ ಮಹಿಳೆಯರಲ್ಲಿ ಶೇ 13.6ರಷ್ಟು ಮಂದಿಗೆ ಸೋಂಕಿತ್ತು. ಅವರಲ್ಲಿ ಹೆಚ್ಚಿನವರು ಗಂಡನನ್ನು ಬಿಟ್ಟು ಬೇರೊಬ್ಬರ ಸಂಪರ್ಕವನ್ನೇ ಕಾಣದ ಗೃಹಿಣಿಯರು. ಎಲ್ಲಿ ಅಪಾಯವಿಲ್ಲವೆಂದು ಊರೇ ನಂಬಿತ್ತೋ ಅಲ್ಲಿಂದಲೇ ಸೋಂಕು ಒಳಬಂದಿತ್ತು.

ಇನ್ನೊಂದು ಅನ್ಯಾಯವೂ ಇದರ ಜೊತೆಗಿತ್ತು. ಬಸುರಿಯರ ತಪಾಸಣೆಯಲ್ಲಿ ಎಷ್ಟೋ ಸಲ ಹೆಂಡತಿಯ ರಕ್ತವೇ ಮೊದಲು ಪರೀಕ್ಷೆಯಾಗುತ್ತಿತ್ತು. ಮೊದಲು ಗೊತ್ತಾದವಳೇ ಮೊದಲು ತಂದವಳೆಂಬ ಆರೋಪ ಹೊತ್ತಳು. ಗಂಡ ತೀರಿಕೊಂಡ ಮೇಲೆ ಮಗುವಿನೊಂದಿಗೆ ತವರಿನ ದಾರಿ ಹಿಡಿದವರು ಎಷ್ಟೋ ಮಂದಿ.

ದಂಪತಿಗಳಲ್ಲಿ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದಿರುವುದುಂಟು. ಇದೇಕೆ? ಉಗಾಂಡದ ರಾಕಾಯಿ ಜಿಲ್ಲೆಯಲ್ಲಿ ಅಂಥ 415 ಜೋಡಿಗಳನ್ನು ಗಮನಿಸಿದ ಸಂಶೋಧಕರು 2000ದಲ್ಲಿ ಉತ್ತರ ಕೊಟ್ಟರು: ರಕ್ತದಲ್ಲಿ ವೈರಾಣುಗಳ ಸಂಖ್ಯೆ ಹೆಚ್ಚಿದಷ್ಟೂ ಸಂಗಾತಿಗೆ ಅಪಾಯ ಹೆಚ್ಚು. ಸೋಂಕು ತಗಲಿದ ಮೊದಲ ವಾರಗಳಲ್ಲಿ ಮತ್ತು ಕಾಯಿಲೆ ಬಲಿತಾಗ ಈ ಸಂಖ್ಯೆ ಏರುತ್ತದೆ. ಬೇರೆ ಲೈಂಗಿಕ ರೋಗಗಳಿದ್ದರೂ ಅಪಾಯ ಹೆಚ್ಚುತ್ತದೆ. ಕಾಂಡೋಮ್ ಬಳಸಿದರೆ ತಗ್ಗುತ್ತದೆ.

ತಾಯಿಯಿಂದ ಮಗುವಿಗೆ ದಾಟುವುದರಲ್ಲೂ ಇದೇ ಲೆಕ್ಕ. ಗರ್ಭದಲ್ಲಿ, ಹೆರಿಗೆಯಲ್ಲಿ, ಎದೆಹಾಲಿನಲ್ಲಿ ಹೀಗೆ ಮೂರು ಘಟ್ಟಗಳಲ್ಲಿ ಸೋಂಕು ದಾಟಬಹುದು. ಏನೂ ಮಾಡದಿದ್ದರೆ 100 ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಅದು ತಗಲುತ್ತದೆ. ಅಂದರೆ ಚಿಕಿತ್ಸೆಯೇ ಇಲ್ಲದಿದ್ದರೂ ಹೆಚ್ಚಿನ ಮಕ್ಕಳು ಪಾರಾಗುತ್ತಾರೆ. 1994ರಲ್ಲಿ ಅಮೆರಿಕ ಮತ್ತು ಫ್ರಾನ್ಸ್‌ಗಳ ಸಂಶೋಧಕರು ಬಸುರಿಗೂ ಮಗುವಿಗೂ ಎಜಡ್‌ಟಿ ಔಷಧಿ ಕೊಟ್ಟಾಗ ಈ ಪ್ರಮಾಣ ಶೇ 25ರಿಂದ 8ರ ಆಸುಪಾಸಿಗೆ ಇಳಿಯಿತು. ಬಡ ದೇಶಗಳಿಗೆ ಆ ಔಷಧಿ ದುಬಾರಿ. 1999ರಲ್ಲಿ ಉಗಾಂಡದಿಂದ ಬಂದ ಸುದ್ದಿ ಅವರಿಗೆ ಧೈರ್ಯ ಕೊಟ್ಟಿತು. ಹೆರಿಗೆ ನೋವಿನಲ್ಲಿ ತಾಯಿಗೆ ನೆವಿರಪಿನ್‌ನ ಒಂದು ಮಾತ್ರೆ, ಮೂರು ದಿನಗಳೊಳಗೆ ಮಗುವಿಗೆ ಒಂದು ಗುಟುಕು ಔಷಧಿ. ಅಷ್ಟರಿಂದಲೇ ಅಪಾಯ ಸುಮಾರು ಅರ್ಧದಷ್ಟು ಕಡಿಮೆಯಾಗಿತ್ತು. ಭಾರತ 2002ರಲ್ಲಿ ಈ ಕ್ರಮವನ್ನು ಆರಂಭಿಸಿತು. ಹಲವು ಔಷಧಿಗಳನ್ನು ಕೂಡಿಸಿ ಕೊಡುವ, ಇನ್ನೂ ಪರಿಣಾಮಕಾರಿಯಾದ ಪದ್ಧತಿ 2012ರಿಂದ ಮೊದಲಾಗಿ ಜಾರಿಗೆ ಬಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸರಿಯಾದ ಚಿಕಿತ್ಸೆಯಿದ್ದರೆ ಇಂದು ಆ ಪ್ರಮಾಣ ಶೇ 5ಕ್ಕಿಂತ ಕೆಳಗೆ ಇಳಿಯುತ್ತದೆ.

ಎದೆಹಾಲಿನ ವಿಷಯದಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ ನಗರದಿಂದ 1999ರಲ್ಲಿ ಬಂದ ಫಲಿತಾಂಶ ನಮ್ಮ ಬಾಣಂತಿ ಕೋಣೆಗೂ ಅನ್ವಯಿಸುವಂಥದು. ಬರೀ ಎದೆಹಾಲು ಕುಡಿದ ಕೂಸುಗಳಿಗಿಂತ, ಅದರ ಜೊತೆಗೆ ಬೇರೆ ಹಾಲು, ನೀರು, ಆಹಾರ ತೆಗೆದುಕೊಂಡ ಕೂಸುಗಳಲ್ಲಿ ಸೋಂಕು ಹೆಚ್ಚಿತ್ತು. ಎಳೆಗರುಳಿನ ಒಳಪದರಕ್ಕೆ ಹೊರಗಿನ ಆಹಾರದಿಂದ ಧಕ್ಕೆಯಾಗುವುದು ಇದಕ್ಕೆ ಕಾರಣವಿರಬಹುದೆಂದು ತಜ್ಞರ ಊಹೆ. ಕೂಸಿಗೆ ಜೇನುತುಪ್ಪ ನೆಕ್ಕಿಸುವ, ಸಕ್ಕರೆ ನೀರು ಕುಡಿಸುವ ನಮ್ಮ ಅಜ್ಜಿಯರ ಪ್ರೀತಿ ಇಲ್ಲಿ ತುಸು ತಡೆಯಬೇಕಾಗುತ್ತದೆ.

2011ರಲ್ಲಿ ಬಂದ ಫಲಿತಾಂಶ ಚಿತ್ರವನ್ನೇ ಬದಲಿಸಿತು. ಒಂಬತ್ತು ದೇಶಗಳ 1,763 ಜೋಡಿಗಳ ಮೇಲೆ ನಡೆದ ಆ ಅಧ್ಯಯನದಲ್ಲಿ ಚೆನ್ನೈ, ಪುಣೆಯ ದಂಪತಿಗಳೂ ಇದ್ದರು. ಸೋಂಕಿತರಿಗೆ ಬೇಗನೆ ಚಿಕಿತ್ಸೆ ಶುರುಮಾಡಿದಾಗ ಸಂಗಾತಿಗೆ ಸೋಂಕು ದಾಟುವುದು ಶೇ 96ರಷ್ಟು ತಗ್ಗಿತ್ತು. ಮಾತ್ರೆಗಳನ್ನು ತಪ್ಪದೆ ತೆಗೆದುಕೊಂಡು, ವೈರಾಣು ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ, ಹಾಗೆಯೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ದಾಟುವುದಿಲ್ಲವೆಂದು ಮುಂದಿನ ಅಧ್ಯಯನಗಳು ತೋರಿಸಿಕೊಟ್ಟವು. ನಮ್ಮ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಈ ಮಾತ್ರೆಗಳು 2004ರಿಂದ ಉಚಿತ. 2017ರಲ್ಲಿ ಸಂಸತ್ತು ಒಪ್ಪಿದ ಕಾಯ್ದೆಯು ಸೋಂಕಿತರ ವಿರುದ್ಧ ತಾರತಮ್ಯವನ್ನು ನಿಷೇಧಿಸುತ್ತದೆ. ಮನೆಯಲ್ಲಿ ಉಳಿಯುವ ಅವರ ಹಕ್ಕನ್ನೂ ಎತ್ತಿಹಿಡಿಯುತ್ತದೆ.

ಆದರೆ ಮಾತ್ರೆಯ ಡಬ್ಬಿಯನ್ನು ಮನೆಯವರ ಕಣ್ಣು ತಪ್ಪಿಸಿ ಬಚ್ಚಿಡಬೇಕಾದವರಿಗೆ ಅದನ್ನು ದಿನವೂ ಹೊತ್ತಿಗೆ ಸರಿಯಾಗಿ ನುಂಗುವುದು ಸುಲಭವಲ್ಲ. ಒಂದು ಹೊತ್ತು ತಪ್ಪಿ, ನಾಲ್ಕು ಹೊತ್ತು ತಪ್ಪಿದರೆ ವೈರಾಣು ಮತ್ತೆ ತಲೆಯೆತ್ತುತ್ತದೆ. ಲೋಟವನ್ನು ಬೇರೆ ಇಡುವುದರಿಂದ ಯಾರಿಗೂ ರಕ್ಷಣೆ ಸಿಗಲಿಲ್ಲ. ಅದೇ ಲೋಟದಲ್ಲಿ ನೀರು ತುಂಬಿ, 'ಮಾತ್ರೆ ತಗೊಂಡೆಯಾ?' ಎಂದು ಕೇಳುವವರೊಬ್ಬರು ಮನೆಯಲ್ಲಿದ್ದರೆ ಇಡೀ ಸಂಸಾರಕ್ಕೇ ರಕ್ಷಣೆ.