ಅಂಡಾಶಯದ ಕ್ಯಾನ್ಸರ್: ದುಗ್ಧರಸ ಗ್ರಂಥಿಗಳಿಗೆ ಹರಡುವಿಕೆ

ಅಂಡಾಶಯದ ಕ್ಯಾನ್ಸರ್ ಹೊಟ್ಟೆಯ ಒಳಪೊರೆಯ ಮೇಲೆ ಹಬ್ಬುವುದಲ್ಲದೆ ದುಗ್ಧರಸ ನಾಳಗಳ ಮೂಲಕ ಗ್ರಂಥಿಗಳಿಗೂ ಸಾಗುತ್ತದೆ. ಒಂದು ದಾರಿ ಅಂಡಾಶಯದ ರಕ್ತನಾಳಗಳ ಜೊತೆಗೇ ಮೇಲೇರಿ, ಮೂತ್ರಪಿಂಡಗಳ ಮಟ್ಟದಲ್ಲಿ ಮಹಾಧಮನಿಯ ಪಕ್ಕದ ಗ್ರಂಥಿಗಳನ್ನು ಸೇರುತ್ತದೆ. ಇನ್ನೊಂದು ಕಿಬ್ಬೊಟ್ಟೆಯ ಪಕ್ಕದ ಗ್ರಂಥಿಗಳಿಗೆ ಹೋಗುತ್ತದೆ. ತೊಡೆಸಂದಿಗೆ ಹೋಗುವುದು ಅಪರೂಪ. ಹೀಗೆ ದಾರಿಗಳು ಬೇರೆ ಬೇರೆಯಾಗಿರುವುದರಿಂದ ಕಿಬ್ಬೊಟ್ಟೆಯ ಗ್ರಂಥಿಗಳನ್ನಷ್ಟೇ ಪರೀಕ್ಷಿಸಿದರೆ ರೋಗ ಕಣ್ತಪ್ಪಬಹುದು.

ಗಡ್ಡೆಯ ಬಗೆ ಮತ್ತು ದರ್ಜೆ ಬಹಳ ಮುಖ್ಯ. ಉನ್ನತ ದರ್ಜೆಯ ಸೀರಸ್ ಗಡ್ಡೆ ಗ್ರಂಥಿಗಳನ್ನು ಹೆಚ್ಚಾಗಿ ಮುಟ್ಟುತ್ತದೆ, ಮ್ಯೂಸಿನಸ್ ಗಡ್ಡೆ ವಿರಳವಾಗಿ. ಆರಂಭದ ಹಂತವೆಂದು ಕಂಡವರಲ್ಲೂ ಸುಮಾರು 7ರಲ್ಲಿ ಒಬ್ಬರ ಗ್ರಂಥಿಗಳಲ್ಲಿ ಕ್ಯಾನ್ಸರ್ ಕೋಶಗಳು ಸಿಗುತ್ತವೆ. ಮುಂದುವರಿದ ಹಂತ, ಎರಡೂ ಅಂಡಾಶಯಗಳಲ್ಲಿ ಗಡ್ಡೆ, ಹೊಟ್ಟೆಯಲ್ಲಿ ನೀರು, ರಕ್ತದಲ್ಲಿ ಏರಿದ ಸಿಎ-125 (ಗಡ್ಡೆಯ ಸೂಚಕ) ಮಟ್ಟ ಇವೂ ಅಪಾಯದ ಸೂಚನೆಗಳು. 2014ರ ಫಿಗೋ (ಅಂತರರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿ ಒಕ್ಕೂಟ) ವರ್ಗೀಕರಣದಲ್ಲಿ ಹೊಟ್ಟೆಯ ಹಿಂಭಾಗದ ಗ್ರಂಥಿಗಳಿಗೆ ಮಾತ್ರ ಹರಡಿದ ರೋಗವನ್ನು 3ಎ1 ಹಂತವೆಂದು ಗುರುತಿಸಲಾಗಿದೆ.

ಈ ಕ್ಯಾನ್ಸರ್‌ನ ಲಕ್ಷಣವಾಗಿರಬಹುದಾದ ಹೊಟ್ಟೆಯುಬ್ಬರವನ್ನು ಗ್ಯಾಸ್ ಎಂದು ತಿಂಗಳುಗಟ್ಟಲೆ ಕಡೆಗಣಿಸಿದರೆ ರೋಗ ಗ್ರಂಥಿಗಳನ್ನು ತಲುಪಿರುವ ಸಾಧ್ಯತೆ ಹೆಚ್ಚು.

ಹಾಗಾದರೆ ಶಸ್ತ್ರಚಿಕಿತ್ಸೆಯಲ್ಲಿ ಎಲ್ಲ ಗ್ರಂಥಿಗಳನ್ನೂ ತೆಗೆಯಬೇಕೇ? 2019ರಲ್ಲಿ ಪ್ರಕಟವಾದ ಲಯನ್ ಅಧ್ಯಯನದಲ್ಲಿ ಮುಂದುವರಿದ ರೋಗದ 647 ಮಹಿಳೆಯರಿದ್ದರು. ಕಣ್ಣಿಗೆ ಕಾಣುವ ಗಡ್ಡೆಯನ್ನೆಲ್ಲ ತೆಗೆದ ಮೇಲೆ, ಸಹಜವಾಗಿ ಕಂಡ ಗ್ರಂಥಿಗಳನ್ನೂ ತೆಗೆದದ್ದರಿಂದ ಆಯುಷ್ಯ ಹೆಚ್ಚಲಿಲ್ಲ. ಶಸ್ತ್ರಚಿಕಿತ್ಸೆಯ ನಂತರದ ತೊಂದರೆಗಳು ಮಾತ್ರ ಹೆಚ್ಚಿದವು.