ಚನ್ನಗಿರಿಯ ಜೆ.ಎಚ್. ಪಟೇಲ್: ಗೆಲುವು, ಸೋಲು ಮತ್ತು ಸದನದ ದಾಖಲೆ

ಜಯದೇವಪ್ಪ ಹಾಲಪ್ಪ ಪಟೇಲ್ 1930ರ ಅಕ್ಟೋಬರ್ 1ರಂದು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನಲ್ಲಿ ಹುಟ್ಟಿದರು. ಸೂಳೆಕೆರೆಯ ನೀರು, ಭದ್ರಾ ನಾಲೆ, ಅಡಿಕೆ ತೋಟ ಮತ್ತು ಗದ್ದೆ ಈ ಸೀಮೆಯ ಬದುಕನ್ನು ರೂಪಿಸಿವೆ. ಶಾಂತಿಸಾಗರ ಎಂದೂ ಕರೆಯುವ ಸೂಳೆಕೆರೆ ಇಲ್ಲಿನ ಹೊಲಗಳಿಗೆ ನೀರುಣಿಸುವುದಲ್ಲದೆ ದೂರದ ಚಿತ್ರದುರ್ಗಕ್ಕೂ ಕುಡಿಯುವ ನೀರು ಕೊಡುತ್ತ ಬಂದಿದೆ. ಇಂಥ ಊರಿನ ಜಮೀನುದಾರ ಮನೆತನದಿಂದ ಬಂದ ಹುಡುಗ 1942ರ ಚಲೇಜಾವ್ ಚಳವಳಿಯಲ್ಲಿ ಸೇರಿದ, ಕಾನೂನು ಓದಿದ, ಆಮೇಲೆ ಸಮಾಜವಾದಿಗಳ ಸಂಗಕ್ಕೆ ಬಿದ್ದ. ಚನ್ನಗಿರಿ ಆಗ ಸೇರಿದ್ದ ಶಿವಮೊಗ್ಗ ಜಿಲ್ಲೆ ಸಮಾಜವಾದದ ತೌರು. ಗೇಣಿದಾರ ರೈತರ 1951ರ ಕಾಗೋಡು ಸತ್ಯಾಗ್ರಹ ಅಲ್ಲಿ ನಡೆದಿತ್ತು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1952ರಲ್ಲೇ ಅಲ್ಲಿಂದ ವಿಧಾನಸಭೆಗೆ ಹೋಗಿದ್ದರು. ರಾಮಮನೋಹರ ಲೋಹಿಯಾ ಅವರ ವಿಚಾರ ಮತ್ತು ಗೋಪಾಲಗೌಡರ ಒಡನಾಟ ಪಟೇಲರ ರಾಜಕೀಯಕ್ಕೆ ದಿಕ್ಕು ಕೊಟ್ಟವು.

ಅವರಿಗೆ ಹೆಸರು ತಂದ ಚುನಾವಣೆ ವಿಧಾನಸಭೆಯದಲ್ಲ, ಲೋಕಸಭೆಯದು. 1967ರಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಸಂಯುಕ್ತ ಸೋಷಲಿಸ್ಟ್ ಪಕ್ಷದ ಅಭ್ಯರ್ಥಿಯಾಗಿ ಅವರು ಗೆದ್ದರು. ಮೈಸೂರು ರಾಜ್ಯದ 27 ಸ್ಥಾನಗಳಲ್ಲಿ 18 ಕಾಂಗ್ರೆಸ್ಸಿಗೆ ಹೋದ ವರ್ಷ ಅದು. ಇಡೀ ದೇಶದಲ್ಲಿ ಸಂಯುಕ್ತ ಸೋಷಲಿಸ್ಟರಿಗೆ ಸಿಕ್ಕಿದ್ದು 23 ಸ್ಥಾನ. ಆ ಸಣ್ಣ ಗುಂಪಿನಲ್ಲಿ ಲೋಹಿಯಾ, ಮಧು ಲಿಮಯೆ, ಮುಂಬೈಯಿಂದ ಗೆದ್ದು ಬಂದ ಜಾರ್ಜ್ ಫರ್ನಾಂಡಿಸ್ ಇದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ಲೋಹಿಯಾ ತೀರಿಕೊಂಡರು.

ಆ ವರ್ಷ ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಲು ಎದ್ದು ನಿಂತದ್ದು ಅವರ ಸಂಸದೀಯ ಜೀವನದ ಅತಿ ಹೆಚ್ಚು ನೆನಪಿನಲ್ಲಿ ಉಳಿದ ಪ್ರಸಂಗ. ಸಂವಿಧಾನದ 120ನೇ ವಿಧಿಯಂತೆ ಸಂಸತ್ತಿನ ವ್ಯವಹಾರ ಹಿಂದಿ ಅಥವಾ ಇಂಗ್ಲಿಷಿನಲ್ಲಿ ನಡೆಯಬೇಕು. ಈ ಎರಡರಲ್ಲೂ ತನ್ನ ಮನಸ್ಸಿನ ಮಾತನ್ನು ಸರಿಯಾಗಿ ಹೇಳಲಾಗದ ಸದಸ್ಯನಿಗೆ ತಾಯಿನುಡಿಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು. ಅಂದರೆ ಆ ವಿಧಿ ತಾಯಿನುಡಿಯನ್ನು ಒಂದು ರಿಯಾಯಿತಿಯಾಗಿ ನೋಡುತ್ತದೆ. ಪಟೇಲರೋ ಇಂಗ್ಲಿಷ್ ಬಲ್ಲ ಕಾನೂನು ಪದವೀಧರ. ಬೇರೆ ಭಾಷೆ ಬಾರದೆಂದು ಅವರು ಕನ್ನಡ ಆಡಲಿಲ್ಲ. ತನ್ನನ್ನು ಆರಿಸಿ ಕಳಿಸಿದ ಜನರ ಭಾಷೆಗೆ ಆ ಸದನದಲ್ಲಿ ಜಾಗ ಇರಬೇಕೆಂಬುದು ಅವರ ನಿಲುವು. ಸದನದಲ್ಲಿ ಆಕ್ಷೇಪ ಎದ್ದಿತು. ಸಭಾಧ್ಯಕ್ಷ ನೀಲಂ ಸಂಜೀವ ರೆಡ್ಡಿ ಅವಕಾಶ ಕೊಟ್ಟರು. ಲೋಕಸಭೆಯಲ್ಲಿ ಕನ್ನಡದಲ್ಲಿ ಭಾಷಣ ಮಾಡಿದ ಮೊದಲ ಸದಸ್ಯರೆಂಬ ಗೌರವ ಪಟೇಲರಿಗೆ ಸಂದಿತು. ಅದೇ ವರ್ಷದ ಕೊನೆಯಲ್ಲಿ ಸಂಸತ್ತು ರಾಜಭಾಷಾ ಕಾಯ್ದೆಗೆ ತಿದ್ದುಪಡಿ ತಂದು ಇಂಗ್ಲಿಷಿನ ಬಳಕೆಯನ್ನು ಮುಂದುವರಿಸಿತು. ಹಿಂದಿ–ಇಂಗ್ಲಿಷ್‌ಗಳ ಜಗಳದಲ್ಲಿ ದೇಶದ ಉಳಿದ ಭಾಷೆಗಳ ದನಿ ಅಡಗಿಹೋಗುತ್ತಿದ್ದ ಆ ಗಳಿಗೆಯಲ್ಲಿ ಈ ಭಾಷಣಕ್ಕೆ ಇದ್ದ ತೂಕ ದೊಡ್ಡದು.

1971ರ ಮಧ್ಯಂತರ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಕಾಂಗ್ರೆಸ್ ರಾಜ್ಯದ 27 ಸ್ಥಾನಗಳನ್ನೂ ಬಾಚಿಕೊಂಡಿತು. ಶಿವಮೊಗ್ಗವೂ ಕೈಬಿಟ್ಟಿತು. ತುರ್ತು ಪರಿಸ್ಥಿತಿಯಲ್ಲಿ ಪಟೇಲರು ಜೈಲು ಸೇರಿದರು. ಹೊರಗೆ ಬರುವ ಹೊತ್ತಿಗೆ ಸಮಾಜವಾದಿಗಳು, ಸಂಸ್ಥಾ ಕಾಂಗ್ರೆಸ್ಸಿಗರು, ಜನಸಂಘದವರು ಒಂದಾಗಿ ಜನತಾ ಪಕ್ಷ ಕಟ್ಟಿದ್ದರು.

ಚನ್ನಗಿರಿಯ ಶಾಸಕರಾಗಿ ಅವರ ಲೆಕ್ಕ ಆರಂಭವಾಗುವುದು 1978ರಿಂದ. ದೇವರಾಜ ಅರಸರ ನಾಯಕತ್ವದಲ್ಲಿ ಇಂದಿರಾ ಕಾಂಗ್ರೆಸ್ 149 ಸ್ಥಾನ ಗೆದ್ದ ಆ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ ಬಂದದ್ದು 59. ಗಾಳಿ ಎದುರಿಗಿದ್ದಾಗ ಗೆದ್ದ ಈ ಸ್ಥಾನ ಅವರ ವೈಯಕ್ತಿಕ ನೆಲೆಯನ್ನು ತೋರಿಸುತ್ತದೆ. 1983ರಲ್ಲಿ ಜನತಾ ಪಕ್ಷ 95 ಸ್ಥಾನ ಪಡೆದು ಕರ್ನಾಟಕದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ರಚಿಸಿತು. 1985ರಲ್ಲಿ 139 ಸ್ಥಾನಗಳೊಡನೆ ಸ್ವಂತ ಬಹುಮತವೇ ಬಂತು. ಎರಡೂ ಸಲ ಚನ್ನಗಿರಿ ಪಟೇಲರನ್ನು ಕಳಿಸಿತು. ರಾಮಕೃಷ್ಣ ಹೆಗಡೆ ಮತ್ತು ಎಸ್.ಆರ್. ಬೊಮ್ಮಾಯಿ ಇಬ್ಬರ ಸಂಪುಟದಲ್ಲೂ ಅವರು ಸಚಿವರಾಗಿದ್ದರು. 1989ರಲ್ಲಿ ಕಾಂಗ್ರೆಸ್ 178 ಸ್ಥಾನಗಳೊಡನೆ ಮರಳಿತು, ಜನತಾ ಪಕ್ಷದ ಉತ್ತರಾಧಿಕಾರಿಯಾದ ಜನತಾ ದಳ 24ಕ್ಕೆ ಕುಸಿಯಿತು. ಪಟೇಲರು ಆ ವಿಧಾನಸಭೆಯಲ್ಲಿ ಇರಲಿಲ್ಲ. 1994ರಲ್ಲಿ ದಳ 115 ಸ್ಥಾನ ಗೆದ್ದಾಗ ಚನ್ನಗಿರಿಯಿಂದ ಮತ್ತೆ ಬಂದು ಎಚ್.ಡಿ. ದೇವೇಗೌಡರ ಸರ್ಕಾರದಲ್ಲಿ ಉಪಮುಖ್ಯಮಂತ್ರಿಯಾದರು.

ಇಷ್ಟು ದೀರ್ಘಕಾಲ ಸದನದಲ್ಲಿದ್ದ ಸದಸ್ಯರು ಯಾವ ಮಸೂದೆಗೆ ಹೇಗೆ ಮತ ಹಾಕಿದರು ಎಂಬ ಪ್ರಶ್ನೆಗೆ ನಮ್ಮ ಶಾಸನಸಭೆಗಳ ದಾಖಲೆ ಕೊಡುವ ಉತ್ತರ ಚಿಕ್ಕದು. ಬಹುಪಾಲು ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ. 'ಹೌದು ಎನ್ನುವವರು', 'ಇಲ್ಲ ಎನ್ನುವವರು' ಎಂದು ಸಭಾಧ್ಯಕ್ಷರು ಕೇಳುತ್ತಾರೆ, ಜೋರಾದ ದನಿ ಗೆಲ್ಲುತ್ತದೆ. ಯಾರಾದರೂ ಒತ್ತಾಯಿಸಿದಾಗ ಮಾತ್ರ ಮತವಿಭಜನೆ ನಡೆದು ತಲೆ ಎಣಿಸುತ್ತಾರೆ. ಮೇಲಾಗಿ 1985ರ ಸಂವಿಧಾನ ತಿದ್ದುಪಡಿಯಿಂದ ಪಕ್ಷಾಂತರ ನಿಷೇಧ ಬಂದ ಮೇಲೆ ಪಕ್ಷದ ಆದೇಶವಾದ ವಿಪ್ ಮೀರಿ ಮತ ಹಾಕಿದವರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಸಚಿವರಾದವರು ಸಂಪುಟದ ಸಾಮೂಹಿಕ ಹೊಣೆಗೂ ಬದ್ಧರು. ಆದ್ದರಿಂದ 1983ರ ನಂತರದ ಪಟೇಲರ ಮತ ಎಂದರೆ ಬಹುತೇಕ ಅವರ ಸರ್ಕಾರದ ಮತ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳನ್ನು ತಂದು ಮಹಿಳೆಯರಿಗೆ ಶೇ 25 ಸ್ಥಾನ ಮೀಸಲಿಟ್ಟ 1983ರ ಕಾಯ್ದೆ ಮತ್ತು 1984ರ ಲೋಕಾಯುಕ್ತ ಕಾಯ್ದೆ ಆಳುವ ಪಕ್ಷದ ಬೆಂಚುಗಳ ಬಲದಿಂದಲೇ ಬಂದವು. ಆ ಸಾಲಿನಲ್ಲಿ ಚನ್ನಗಿರಿಯ ಶಾಸಕರೂ ಇದ್ದರು.

ಪಕ್ಷದ ಹೆಸರುಗಳು ಬದಲಾದುದನ್ನು ನೋಡಿ ಅವರನ್ನು ಅಳೆಯುವುದು ತಪ್ಪಾದೀತು. ಸಂಯುಕ್ತ ಸೋಷಲಿಸ್ಟ್, ಜನತಾ, ಜನತಾ ದಳ, ಕೊನೆಗೆ ಸಂಯುಕ್ತ ಜನತಾ ದಳ: ಇವು ಒಂದೇ ಹರಿವಿನ ಕವಲುಗಳು. ಆ ಕಾಲದಲ್ಲಿ ಕರ್ನಾಟಕದ ಎಷ್ಟೋ ಸಮಾಜವಾದಿಗಳು ಕಾಂಗ್ರೆಸ್ ಸೇರಿದರು. ಪಟೇಲರು ಮಾತ್ರ ಕಾಂಗ್ರೆಸ್ಸಿನ ಎದುರು ದಡದಲ್ಲೇ ಉಳಿದರು.

1996ರಲ್ಲಿ ದೇವೇಗೌಡರು ಪ್ರಧಾನಿಯಾಗಿ ದೆಹಲಿಗೆ ಹೋದರು. ಮೇ 31ರಂದು ಪಟೇಲರು ಮುಖ್ಯಮಂತ್ರಿಯಾದರು, ಸಿದ್ದರಾಮಯ್ಯ ಉಪಮುಖ್ಯಮಂತ್ರಿಯಾದರು. ಮಾಹಿತಿ ತಂತ್ರಜ್ಞಾನ ನೀತಿ ಪ್ರಕಟವಾದದ್ದು 1997ರಲ್ಲಿ. ಕೃಷ್ಣಾ ಕೊಳ್ಳದ ಕಾಮಗಾರಿಗೆ ಸಾಲಪತ್ರಗಳ ಮೂಲಕ ಹಣ ಎತ್ತುವ ಕೆಲಸ ಮುಂದುವರಿಯಿತು, 1998ರಲ್ಲಿ ಕರ್ನಾಟಕ ನೀರಾವರಿ ನಿಗಮ ರೂಪುಗೊಂಡಿತು. ಅದೇ ವರ್ಷದ ಆಗಸ್ಟಿನಲ್ಲಿ ಕಾವೇರಿ ನದಿ ಪ್ರಾಧಿಕಾರ ರಚಿಸುವ ಒಪ್ಪಂದಕ್ಕೆ ದೆಹಲಿಯಲ್ಲಿ ಅವರು ಒಪ್ಪಿಗೆ ಕೊಟ್ಟರು.

ಚನ್ನಗಿರಿಗೆ ನೇರವಾಗಿ ಮುಟ್ಟಿದ್ದು ಜಿಲ್ಲೆಗಳ ಪುನರ್ವಿಂಗಡಣೆ. 1997ರ ಆಗಸ್ಟ್‌ನಲ್ಲಿ ದಾವಣಗೆರೆ, ಚಾಮರಾಜನಗರ, ಉಡುಪಿ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ ಎಂಬ ಏಳು ಹೊಸ ಜಿಲ್ಲೆಗಳು ಹುಟ್ಟಿದವು. ವಾಸುದೇವರಾವ್, ಹುಂಡೇಕರ್, ಗದ್ದಿಗೌಡರ ಸಮಿತಿಗಳ ವರದಿಗಳು ಅದಕ್ಕೂ ಮುಂಚೆಯೇ ಬಂದಿದ್ದವು. ಹೊಸ ಗಡಿ ಎಳೆದರೆ ಒಂದೂರಿಗೆ ಸಂತೋಷ, ಇನ್ನೊಂದೂರಿಗೆ ಸಿಟ್ಟು. ಅದಕ್ಕೆ ಅಂಜಿ ಹಿಂದಿನ ಸರ್ಕಾರಗಳು ವರದಿಗಳನ್ನು ಮುಂದೂಡುತ್ತ ಬಂದಿದ್ದವು. ಗಮನಿಸಬೇಕಾದ ಸಂಗತಿಯೆಂದರೆ, ಈ ನಿರ್ಧಾರಕ್ಕೆ ಸದನದ ಮತವೇ ಬೇಕಿರಲಿಲ್ಲ. ಜಿಲ್ಲೆ, ತಾಲ್ಲೂಕುಗಳ ಗಡಿ ಬದಲಿಸುವ ಅಧಿಕಾರವನ್ನು 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಸರ್ಕಾರಕ್ಕೇ ಕೊಟ್ಟಿದೆ. ಅಧಿಸೂಚನೆ ಹೊರಡಿಸಿದರೆ ಸಾಕು. ಪಟೇಲರ ಕೆಲಸಗಳಲ್ಲಿ ಅತ್ಯಂತ ಗಟ್ಟಿಯಾಗಿ ನಿಂತದ್ದನ್ನು ಹುಡುಕುವವರು ವಿಧಾನಸಭೆಯ ಮತಗಳ ಲೆಕ್ಕ ಬಿಟ್ಟು ರಾಜ್ಯಪತ್ರವನ್ನು ನೋಡಬೇಕಾಗುತ್ತದೆ.

ದಾವಣಗೆರೆ ಜಿಲ್ಲೆ ಮೂರು ಹಳೆಯ ಜಿಲ್ಲೆಗಳ ತುಂಡುಗಳಿಂದ ಆಯಿತು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು; ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ; ಬಳ್ಳಾರಿಯಿಂದ ಹರಪನಹಳ್ಳಿ. ಕೆರೆ–ನಾಲೆಗಳ ಚನ್ನಗಿರಿ, ತುಂಗಭದ್ರೆಯ ದಂಡೆಯ ಹೊನ್ನಾಳಿ, ಮಳೆಗೆ ಮುಖ ಮಾಡಿ ಕೂರುವ ಬರಪೀಡಿತ ಜಗಳೂರು ಒಂದೇ ಜಿಲ್ಲಾಧಿಕಾರಿ ಕಚೇರಿಯ ಕೆಳಗೆ ಬಂದವು. ಅನುಕೂಲ ಎಲ್ಲರಿಗೂ ಒಂದೇ ಆಗಿರಲಿಲ್ಲ. ಆಗ ಹೊನ್ನಾಳಿ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕಾಗಿರುವ ನ್ಯಾಮತಿಗೆ ಶಿವಮೊಗ್ಗ ಹತ್ತಿರ, ದಾವಣಗೆರೆ ದೂರ. ದಾವಣಗೆರೆ ಪೇಟೆಗೆ ಜಿಲ್ಲಾ ಕೇಂದ್ರದ ಭಾಗ್ಯ ಬಂದರೂ ನ್ಯಾಮತಿಯ ರೈತನಿಗೆ ಕಚೇರಿ ಕೆಲಸದ ದಾರಿ ಉದ್ದವಾಯಿತು.

ಪಕ್ಷದ ಒಳಗಿನ ಬಿರುಕು ಅಷ್ಟರಲ್ಲಿ ದೊಡ್ಡದಾಗಿತ್ತು. ಹೆಗಡೆಯವರು ದಳದಿಂದ ಉಚ್ಚಾಟಿತರಾಗಿ ಲೋಕಶಕ್ತಿ ಕಟ್ಟಿದರು. 1996ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ 16 ಸ್ಥಾನ ಗೆದ್ದಿದ್ದ ಜನತಾ ದಳಕ್ಕೆ 1998ರಲ್ಲಿ ಸಿಕ್ಕಿದ್ದು 3. ಮುಖ್ಯಮಂತ್ರಿಗೆ ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಬೇಕಿರಲಿಲ್ಲ. 1999ರ ಜುಲೈನಲ್ಲಿ ವಿಧಾನಸಭೆ ಅವಧಿಗೆ ಮುಂಚೆಯೇ ವಿಸರ್ಜನೆಯಾಯಿತು. ದಳ ಒಡೆಯಿತು. ದೇವೇಗೌಡರು ಮತ್ತು ಸಿದ್ದರಾಮಯ್ಯ ಜಾತ್ಯತೀತ ಜನತಾ ದಳದಲ್ಲಿ ಉಳಿದರು. ಪಟೇಲರು ಹೆಗಡೆ ಜೊತೆ ಸಂಯುಕ್ತ ಜನತಾ ದಳಕ್ಕೆ ಹೋಗಿ ಬಿಜೆಪಿಯೊಡನೆ ಕೈಜೋಡಿಸಿದರು. ಜನತಾ ಪಕ್ಷದ ದಿನಗಳಲ್ಲಿ ಜನಸಂಘದವರೊಡನೆ ಕೂಡಿ ನಡೆದವರಿಗೆ ಇದು ತೀರಾ ಹೊಸದಲ್ಲ. ಆದರೆ ಅವರನ್ನು ನಂಬಿದ್ದ ಎಷ್ಟೋ ಸಮಾಜವಾದಿ ಮನಸ್ಸುಗಳಿಗೆ ಇದು ನೋವಿನ ಸಂಗತಿ.

ವಿಸರ್ಜನೆಯ ನಂತರ ನಡೆದ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ 132, ಬಿಜೆಪಿ 44, ಸಂಯುಕ್ತ ದಳ 18, ಜಾತ್ಯತೀತ ದಳ 10 ಸ್ಥಾನ ಪಡೆದವು. ಚನ್ನಗಿರಿಯಲ್ಲಿ ಮುಖ್ಯಮಂತ್ರಿಯೇ ಸೋತರು. ಗೆದ್ದವರು ಪಕ್ಷೇತರ ಅಭ್ಯರ್ಥಿ ವಡ್ನಾಳ್ ರಾಜಣ್ಣ. ದೊಡ್ಡ ಪಕ್ಷದ ಅಲೆಗೆ ಸಿಕ್ಕಿ ಸೋತಿದ್ದರೆ ಅದನ್ನು ರಾಜ್ಯದ ಹವೆಯ ಲೆಕ್ಕಕ್ಕೆ ಹಾಕಬಹುದಿತ್ತು. ಪಕ್ಷೇತರರೊಬ್ಬರು ಗೆದ್ದದ್ದರಿಂದ ಇದನ್ನು ಕ್ಷೇತ್ರವೇ ಕೊಟ್ಟ ತೀರ್ಪೆಂದು ಓದುವುದು ಹೆಚ್ಚು ಸರಿ. ಏಳು ಜಿಲ್ಲೆಗಳ ಶಿಲ್ಪಿ ಎಂಬ ಕೀರ್ತಿ ಬೂತಿನ ಮಟ್ಟದಲ್ಲಿ ಮತವಾಗಿ ಮಾರ್ಪಡಲಿಲ್ಲ. ನಾಡಿಗೆ ದೊಡ್ಡದಾಗಿ ಕಂಡ ಆಡಳಿತದ ನಿರ್ಧಾರಕ್ಕಿಂತ ಶಾಸಕ ಎಷ್ಟು ಕೈಗೆ ಸಿಗುತ್ತಾನೆ ಎಂಬುದನ್ನು ತಾಲ್ಲೂಕಿನ ಮತದಾರ ಹೆಚ್ಚಾಗಿ ನೋಡುತ್ತಾನೆ. 1999ರ ಅಕ್ಟೋಬರಿನಲ್ಲಿ ಎಸ್.ಎಂ. ಕೃಷ್ಣ ಅಧಿಕಾರ ವಹಿಸಿಕೊಂಡರು.

ಪಟೇಲರು 2000ದ ಡಿಸೆಂಬರ್ 12ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರ ಸಮಾಧಿ ಹುಟ್ಟೂರು ಕಾರಿಗನೂರಿನಲ್ಲಿದೆ. 2004ರಲ್ಲಿ ಮಗ ಮಹಿಮ ಪಟೇಲ್ ಸಂಯುಕ್ತ ಜನತಾ ದಳದಿಂದಲೇ ಚನ್ನಗಿರಿಯಲ್ಲಿ ಗೆದ್ದರು. ರಾಜ್ಯದಲ್ಲಿ ಆ ಪಕ್ಷಕ್ಕೆ ಆಗ ಬಂದದ್ದು 5 ಸ್ಥಾನ. 2008ರ ಕ್ಷೇತ್ರ ಪುನರ್ವಿಂಗಡಣೆಯ ನಂತರ ಚನ್ನಗಿರಿ ಮತ್ತು ಹೊನ್ನಾಳಿ ವಿಧಾನಸಭಾ ಕ್ಷೇತ್ರಗಳು ಜಗಳೂರಿನ ಜೊತೆ ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿವೆ. ಹೀಗೆ 1997ರ ಜಿಲ್ಲಾ ಗಡಿಯನ್ನು ಹನ್ನೊಂದು ವರ್ಷಗಳ ಮೇಲೆ ಚುನಾವಣಾ ನಕ್ಷೆಯೂ ಅನುಸರಿಸಿತು.