ಸೆಲ್ಯೆಯ ಇಲಿಗಳು, ಕುಗ್ಗಿಹೋದ ಥೈಮಸ್

ಇವತ್ತಿನ ಕತೆ ಶುರುವಾಗೋದು 1930ರ ದಶಕದಲ್ಲಿ, ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ. ಹ್ಯಾನ್ಸ್ ಸೆಲ್ಯೆ ಎಂಬ ತರುಣ ವಿಜ್ಞಾನಿ ಹೊಸ ಹಾರ್ಮೋನ್ ಹುಡುಕುವ ಹುಮ್ಮಸ್ಸಿನಲ್ಲಿ ಅಂಡಾಶಯದ ಸಾರವನ್ನು ಇಲಿಗಳಿಗೆ ಚುಚ್ಚುತ್ತಿದ್ದರು. ಕೊಯ್ದು ನೋಡಿದರೆ, ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಊದಿಕೊಂಡಿದೆ, ಹೊಟ್ಟೆಯಲ್ಲಿ ಹುಣ್ಣು, ಎದೆಯೊಳಗಿನ ಥೈಮಸ್ ಗ್ರಂಥಿ ಕುಗ್ಗಿಹೋಗಿದೆ. ಹಾರ್ಮೋನ್ ಸಿಕ್ಕೇಬಿಟ್ಟಿತು ಅಂದುಕೊಂಡರು. ಆದರೆ ಬೇರೆ ಅಂಗಗಳ ಸಾರ ಕೊಟ್ಟರೂ ಅದೇ. ಕೊನೆಗೆ ಬರೀ ಫಾರ್ಮಲಿನ್ ಚುಚ್ಚಿದರೂ ಅದೇ! ಚಳಿಯಲ್ಲಿಟ್ಟರೂ, ಗಾಯ ಮಾಡಿದರೂ, ಅತಿಯಾಗಿ ದಣಿಸಿದರೂ ಅದೇ. ಪಾಪ, ಹಾರ್ಮೋನಿನ ಆಸೆ ಅಲ್ಲಿಗೆ ಮುಗೀತು. 1936ರ ಜುಲೈನಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರ ಪುಟ್ಟ ಬರಹ ಬಂತು. ನಾವೀಗ ದಿನಬೆಳಗಾದರೆ ಹೇಳೋ 'ಸ್ಟ್ರೆಸ್'ಗೆ ಬೀಜ ಅದೇ.

ಇನ್ನೊಂದು ಪ್ರಯೋಗ ನನಗೆ ಹೆಚ್ಚು ಮುಖ್ಯ ಅನ್ಸುತ್ತೆ. ಅಡ್ರಿನಲ್ ತೆಗೆದುಹಾಕಿದ ಇಲಿಗಳನ್ನು ಹೀಗೇ ಹಿಂಸಿಸಿದಾಗ ಥೈಮಸ್ ಕುಗ್ಗಲಿಲ್ಲ. ಅಂದ್ರೆ ಸೂಚನೆ ಬರುತ್ತಿದ್ದದ್ದು ಅಡ್ರಿನಲ್‌ನಿಂದ. ಅದು ಸ್ರವಿಸುವ ಹಾರ್ಮೋನ್, ಇಲಿಗಳಲ್ಲಿ ಕಾರ್ಟಿಕೋಸ್ಟೆರಾನ್, ನಮ್ಮಲ್ಲಿ ಕಾರ್ಟಿಸಾಲ್, ಥೈಮಸ್‌ನ ಎಳೆಯ ಕಣಗಳನ್ನು ಸಾಯಿಸುತ್ತದೆ ಅನ್ನೋದು ಆಮೇಲೆ ಗೊತ್ತಾಯಿತು.

ಇಲಿಯ ಥೈಮಸ್ ಕಟ್ಟಿಕೊಂಡು ನಮಗೇನು ಅಂತೀರಾ? ಅದೇ ಕಾಲದಲ್ಲಿ ಅಮೆರಿಕದ ಎಷ್ಟೋ ವೈದ್ಯರಿಗೆ ಥೈಮಸ್ ಅಂದ್ರೆ ಭಯ. ಚೆನ್ನಾಗಿದ್ದ ಕೂಸು ಮಲಗಿದಲ್ಲೇ ತೀರಿಕೊಂಡರೆ, ಶವಪರೀಕ್ಷೆಯಲ್ಲಿ ಥೈಮಸ್ ದೊಡ್ಡದಾಗಿ ಕಾಣುತ್ತಿತ್ತು. ಅದೇ ಉಸಿರು ಕಟ್ಟಿಸಿತು ಅಂತ ತೀರ್ಮಾನ. ಹೋಲಿಸಿದ್ದು ಯಾವುದಕ್ಕೆ? ದಿನಗಟ್ಟಲೆ ಕಾಯಿಲೆಯಲ್ಲಿ ನರಳಿ ಸತ್ತವರ ಥೈಮಸ್‌ಗೆ. ಅವು ಸೆಲ್ಯೆಯ ಇಲಿಗಳಲ್ಲಾದ ಹಾಗೇ ಕುಗ್ಗಿದ್ದವು. ಕೂಸಿನದೇ ಸಹಜ ಗಾತ್ರ. 1907ರಿಂದ ಶುರುವಾಗಿ ಸಾವಿರಾರು ಹಸುಗೂಸುಗಳ ಎದೆಗೆ ಎಕ್ಸ್-ರೇ ಹಾಯಿಸಿ ಥೈಮಸ್ ಕುಗ್ಗಿಸಿದರು. 1936ರ ಆಮೇಲೂ ಅದು ನಿಲ್ಲಲಿಲ್ಲ. ಇಲಿ ಕೊಯ್ಯುವವರ ಬರಹ ಮಕ್ಕಳ ವಾರ್ಡಿಗೆ ತಲುಪೋದು ಅಷ್ಟು ಸುಲಭವಲ್ಲ ನೋಡಿ. 1950ರಲ್ಲಿ ನ್ಯೂಯಾರ್ಕಿನ ಇಬ್ಬರು ವೈದ್ಯರು, ಥೈರಾಯ್ಡ್ ಕ್ಯಾನ್ಸರ್ ಬಂದಿದ್ದ 28 ಮಕ್ಕಳ ದಾಖಲೆ ತೆಗೆದು ನೋಡಿದರು. ಅವರಲ್ಲಿ ಹಲವರು ಕೂಸಾಗಿದ್ದಾಗ ಈ ಚಿಕಿತ್ಸೆ ಪಡೆದವರು.

ಥೈಮಸ್‌ನ ಕೆಲಸವೇನು ಅಂತ ತಿಳಿದದ್ದು 1961ರಲ್ಲಿ, ಲಂಡನ್‌ನಲ್ಲಿ. ಹುಟ್ಟಿದ ಕೂಡಲೇ ಥೈಮಸ್ ತೆಗೆದ ಸುಂಡಿಲಿ ಮರಿಗಳು ಬೇರೆ ಇಲಿಯ ಚರ್ಮ ಕಸಿ ಮಾಡಿದರೂ ತಿರಸ್ಕರಿಸಲಿಲ್ಲ ಅಂತ ಜಾಕ್ ಮಿಲ್ಲರ್ ತೋರಿಸಿದರು. ದೇಹಕ್ಕೆ ತನ್ನದು ಯಾವುದು, ಪರರದು ಯಾವುದು ಅನ್ನೋ ತಿಳಿವಳಿಕೆ ಕಲಿಸುವ ಜಾಗ ಅದು. ಎಕ್ಸ್-ರೇ ಹಾಯಿಸಿದ್ದು ಅದಕ್ಕೇ.